ಬ್ಲಾಸಿಯುಸನ ಗಾಡಿ

ಗಾಡಿ ನನ್ನದು, ಆರು ವರ್ಷದಿಂದ.
ಕಾಗದದಲ್ಲಿ ಮಾತ್ರ ಬ್ಲಾಸಿಯುಸನದು.

ಮೌಮೆರೆಯ ಮೀನುಕಟ್ಟೆಯಲ್ಲಿ ನಸುಕಿಗೇ ಕೂಗಿ, ಜಗಳಾಡಿ,
ಹಿಂದಿನ ಸೀಟಿನ ಎರಡು ಬದಿಗೂ ಐಸಿನ ಪೆಟ್ಟಿಗೆ ಬಿಗಿದು
ಗುಡ್ಡದ ಊರುಗಳಿಗೆ ಹತ್ತುವವಳು ನಾನು, ತೆಕ್ಲಾ.
ಐಸು ಕರಗುವ ಮೊದಲು ಬಂಗುಡೆ ಕರಗಬೇಕು.

ವರ್ಷಕ್ಕೊಮ್ಮೆ, ತೆರಿಗೆಯ ದಿನ,
ಅವನ ಮನೆಗೆ ಹೋಗಿ ಗುರುತಿನ ಚೀಟಿ ಬೇಡಿ ತರುತ್ತಿದ್ದೆ.
ಒಂದು ಕಿಲೋ ಮೀನಿಗೆ ಒಂದು ದಿನದ ಬ್ಲಾಸಿಯುಸ್.
ಚೀಟಿಯ ಫೋಟೋದಲ್ಲಿ ಅವನಿಗೆ ಮೀಸೆ,
ಎದುರಿಗೆ ಕೂತವನಿಗೆ ಇಲ್ಲ.
“ಚೈನಿಗೆ ಎಣ್ಣೆ ಬಿಡುತ್ತೀಯಾ?” ಅನ್ನುವನು,
ಕೊಟ್ಟ ಮಗಳನ್ನು ವಿಚಾರಿಸುವ ದನಿಯಲ್ಲಿ.

ಈ ಸಲ ಹೋದಾಗ ಅಂಗಳದಲ್ಲಿ ಸಮಾಧಿ.
ಹೊಸ ಬಿಳಿ ಟೈಲ್ಸಿನ ಮೇಲೆ ಕೊರ್ದುಲಾ ಜೋಳ ಹರವುತ್ತಿದ್ದಳು.
“ಹೆಸರು ಬದಲಾಯಿಸಿಕೊಂಡುಬಿಡು ಮಗಳೇ.
ಸತ್ತವನನ್ನು ಇನ್ನೆಷ್ಟು ಸಲ ಸಾಲಿನಲ್ಲಿ ನಿಲ್ಲಿಸುತ್ತೀ?”

ಆಫೀಸಿನಲ್ಲಿ ಏಳು ಕಿಟಕಿ.
ಒಂದನೆಯದು ನಾಲ್ಕಕ್ಕೆ ಹೋಗು ಅಂದಿತು.
ನಾಲ್ಕು ಊಟಕ್ಕೆ ಹೋಗಿತ್ತು.
ಮರಣಪತ್ರ, ರಸೀದಿ, ರಸೀದಿಗೊಂದು ಸ್ಟಾಂಪು,
ಅರ್ಧ ಸ್ಟಾಂಪಿನ ಮೇಲೆ, ಅರ್ಧ ಹೊರಗೆ
ಕೊರ್ದುಲಾಳ ನಡುಗುವ ಸಹಿ,
ಮತ್ತು ಹಳದಿ ಫೈಲು. ನಾನು ನೀಲಿ ತಂದಿದ್ದೆ.
ಹಳದಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ, ಎರಡು ಪಟ್ಟು ಬೆಲೆಗೆ.

ಆಮೇಲೆ ಹಿತ್ತಲಿನಲ್ಲಿ ಗಾಡಿಯ ತಪಾಸಣೆ.
ಹುಡುಗನೊಬ್ಬ ಮಂಡಿಯೂರಿ
ಹ್ಯಾಂಡಲಿನ ಕೆಳಗೆ, ಕತ್ತಿನ ಹತ್ತಿರ, ಚಿಂದಿಯಿಂದ ಒರೆಸಿದ.
ಮೀನಿನ ಹುರುಪೆ, ಉಪ್ಪು, ತುಕ್ಕು.
ಅಂಟುಪಟ್ಟಿ ಹಚ್ಚಿ ಮೇಲೆ ಪೆನ್ಸಿಲು ಉಜ್ಜಿದ.
ಬೂದು ಕತ್ತಲೆಯೊಳಗಿಂದ ಬೆಳ್ಳಗೆ
ಒಂದೊಂದೇ ಅಂಕಿ ಎದ್ದು ಬಂತು.
ಹಣೆಬರಹ ಕಂಡವರಾರು ಅನ್ನುತ್ತಾರೆ.
ಇದರದ್ದು ಕತ್ತಿನ ಮೇಲಿದೆ, ಹದಿನೇಳು ಅಕ್ಷರ.
ಆರು ವರ್ಷ ನನ್ನ ಮಂಡಿಯ ಮುಂದೆಯೇ ಇತ್ತು,
ನಾನು ಓದಿರಲಿಲ್ಲ.

ಉಳಿದ ದುಡ್ಡಿಗೆ ಹೆಲ್ಮೆಟ್ಟು.
ಹಳೆಯದೂ ಅವನದೇ, ಗಾಡಿಯ ಜೊತೆ ಬಂದದ್ದು,
ಮುಖ ತೆರೆದ ಅರ್ಧ ಚಿಪ್ಪು.
ಒಳಗೆ ಅವನ ತಲೆಯ ಗುಳಿ, ಹೊಗೆಸೊಪ್ಪಿನ ವಾಸನೆ.
ಇಳಿಜಾರಿನಲ್ಲಿ ಅದು ಕಣ್ಣಿಗೆ ಇಳಿಯುತ್ತಿತ್ತು,
ಒಂದು ಕೈಯಲ್ಲಿ ಎತ್ತಿ ಹಿಡಿದೇ ತಿರುವು ದಾಟುತ್ತಿದ್ದೆ.

ಅಂಗಡಿಯವನು ಹೂವಿನ ಚಿತ್ರದ ಗುಲಾಬಿ ತೋರಿಸಿದ.
ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಬೆರಳಲ್ಲಿ ತಟ್ಟಿದೆ.
ನೀರಿಲ್ಲದ ಕಾಯಿಯ ಸದ್ದು.
ಪೂರ್ತಿ ಮುಖ ಮುಚ್ಚುವ ಕಪ್ಪನೆಯದು ತುರುಬಿಗೆ ತಡೆಯಿತು.
ತುರುಬು ಬಿಚ್ಚಿ, ಜಡೆ ಹೆಣೆದು, ಮತ್ತೆ ತೊಟ್ಟು ತಲೆ ಕೊಡವಿದೆ.
ಕನ್ನಡಿಯಲ್ಲಿ ಯಾರೋ, ಬಾಯಿಲ್ಲದವಳು.
“ಕೆನ್ನೆ ಒತ್ತುತ್ತದೆ,” ಅಂದೆ.
“ಒತ್ತಲಿ. ಸಡಿಲವಾದರೆ ಅದೊಂದು ಕಡೆ, ತಲೆಯೊಂದು ಕಡೆ.”
ಬೆಲೆಯನ್ನು ಮನಸ್ಸಿನಲ್ಲೇ ಬಂಗುಡೆಗೆ ಭಾಗಿಸಿದೆ,
ಶೇಷ ಉಳಿಯಲಿಲ್ಲ.

ಎರಡು ತಿಂಗಳಿಗೆ ಹೊಸ ಪುಸ್ತಕ ಬಂತು.
ಒಡೆಯರ ಹೆಸರು: ತೆಲ್ಕಾ.
ತಿದ್ದಲು ಇನ್ನೊಂದು ಅರ್ಜಿ, ಇನ್ನೊಂದು ಹಳದಿ ಫೈಲು.
ಬಿಟ್ಟೆ. ಯಾರೋ ತೆಲ್ಕಾ, ಪುಣ್ಯಾತ್ಗಿತ್ತಿ,
ಕೇಳದೆಯೇ ಗಾಡಿ ಕೊಟ್ಟಿದ್ದಾಳೆ.

ನಿನ್ನೆ ಕೊರ್ದುಲಾಳ ಮನೆಯ ತಿರುವಿನಲ್ಲಿ
ಗೇರು ಇಳಿಸಿದೆ, ಅಷ್ಟೇ. ಹಾರ್ನೂ ಒತ್ತಿಲ್ಲ.
ಅವರ ಕುಂಟು ನಾಯಿ ಸಮಾಧಿಯ ಮೇಲಿಂದ ಜಿಗಿದು
ಜೋಳ ಚೆಲ್ಲಾಡಿ ಓಡಿ ಬಂತು.
ಮೀನಿನ ಪೆಟ್ಟಿಗೆಯನ್ನು ಮೂಸಲೂ ಇಲ್ಲ.
ಕಪ್ಪು ಗಾಜನ್ನೇ ನೋಡುತ್ತ, ಮೈಯೆಲ್ಲ ಬಾಲವಾಗಿ,
ಹೆಲ್ಮೆಟ್ಟು ತೆಗೆಯಲೆಂದು ಕಾದು ನಿಂತಿತು.

ನಾನು ಪಟ್ಟಿ ಬಿಚ್ಚಲು ಕೊಂಚ ತಡ ಮಾಡಿದೆ.