ಒಳಗಿಂದ ಮುಟ್ಟಬಾರದು

ಹುಲಿಕಲ್ಲಿನ ಮೇಲೆ, ಗಾಳಿ ತಿರುಗುವ ಆ ಬೋಳು ನೆತ್ತಿಯಲ್ಲಿ
ಗುಡಾರ ಹೂಡುವುದೇ ತಪ್ಪು ಅಂದ ಗುತ್ಯಪ್ಪ.
ಆದರೂ ಹೂಡಿದ. ನಕ್ಷೆ ಅಲ್ಲೇ ಅಂತಿತ್ತು,
ನಕ್ಷೆ ನೋಡುವವರು ಶಿವಮೊಗ್ಗದಲ್ಲಿ, ಫ್ಯಾನಿನ ಕೆಳಗೆ.

ಮೇ ತಿಂಗಳ ಕೊನೆಯ ವಾರ. ನನಗೆ ಇಪ್ಪತ್ಮೂರು,
ಸರ್ವೆ ಇಲಾಖೆಯಲ್ಲಿ ನಲವತ್ತೊಂದು ದಿನದ ನೌಕರಿ.
ಅವನಿಗೆ ಖಲಾಸಿಯಾಗಿ ಇಪ್ಪತ್ತೆಂಟು ಮಳೆಗಾಲ.

ದಪ್ಪ ಕ್ಯಾನ್ವಾಸು. ಉಗ್ರಾಣದ ಮೊಹರು ಅಳಿಸಿ
ಮೂರೋ ಎಂಟೋ ಗೊತ್ತಾಗದ ಒಂದು ಅಂಕಿ ಉಳಿದಿತ್ತು.
ಮೊದಲ ಸಂಜೆ ಅದನ್ನು ಬಂಡೆಯ ಮೇಲೆ ಹರವಿ
ಬಾರ್ ಸೋಪು ತುರಿದು ಕುದಿಸಿ ಬಳಿದ,
ಒಣಗಿದ ಮೇಲೆ ಪಟಿಕದ ನೀರು.
ಹೊಲಿಗೆಗಳಿಗೆ ಮಾತ್ರ ಮೇಣದಬತ್ತಿ, ತಿಕ್ಕಿ ತಿಕ್ಕಿ.
"ನೀರಿಗೆ ದಾರಿ ಹೇಳಿಕೊಡೋದೇ ಸೂಜಿ," ಅಂದ.

ಬೆನ್ನು ಪಡುವಣಕ್ಕೆ, ಬಾಗಿಲು ಮೂಡಣಕ್ಕೆ.
ಗೂಟ ನೆಟ್ಟಗೆ ಹೊಡೆಯಬಾರದು,
ಮುನಿಸಿಕೊಂಡು ಹೊರಟವರ ಹಾಗೆ ತಲೆ ಆಚೆಗೆ ವಾಲಿರಬೇಕು.
ಸುತ್ತ ಒಂದು ಗೇಣು ಕಾಲುವೆ, ಅದರ ಬಾಯಿ ಇಳಿಜಾರಿಗೆ.
ಥಿಯೋಡಲೈಟಿನ ಪೆಟ್ಟಿಗೆಗೆ ಮಂಚ,
ನನಗೆ ನೆಲ.
ಕೊನೆಗೆ, ಲಾಟೀನು ತಗ್ಗಿಸುತ್ತ:
"ಮಳೆ ಬಂದಾಗ ಬಟ್ಟೆ ಒಳಗಿಂದ ಮುಟ್ಟಬ್ಯಾಡ್ರಿ ಮೇಡಂ.
ಏನಾರ ಆಗ್ಲಿ. ಮುಟ್ಟಬ್ಯಾಡ್ರಿ."

ಒಂಬತ್ತನೆಯ ರಾತ್ರಿ ಬಂತು.
ಮೊದಲು ಕಾಗದಗಳು ಎದ್ದವು. ಆಮೇಲೆ ಕನಾತು
ಹೊಟ್ಟೆ ಉಬ್ಬಿಸಿ ನನ್ನ ಹೆಗಲಿನವರೆಗೆ ಬಂತು.
ಆಮೇಲೆ ಮಳೆ, ಘಟ್ಟದ ಕೆಳಗಿಂದ ಮೇಲಕ್ಕೆ.

ಹಗ್ಗ ಬಿಗಿಯಲು ಓಡಿದೆ.
ಕಂಬಳಿ ಕೊಪ್ಪೆಯೊಳಗಿಂದ ಕೂಗಿದ: "ಸಡ್ಲ ಬಿಡ್ರಿ! ಸಡ್ಲ!"
ನೂಲಿನ ಹಗ್ಗ ನೆಂದರೆ ಕುಗ್ಗುತ್ತದೆ,
ಹಿಡಿದದ್ದನ್ನೆಲ್ಲ ತನ್ನ ಕಡೆ ಎಳೆಯುತ್ತದೆ,
ಗೂಟವೋ ಬಟ್ಟೆಯೋ, ಯಾವುದು ಮೊದಲು ಸೋಲುತ್ತದೋ ಅದನ್ನು.
ಹನ್ನೆರಡು ಹಗ್ಗ. ಒಂದೊಂದನ್ನೂ ನಾಲ್ಕು ಬೆರಳು ಇಳಿಸುತ್ತ
ಕತ್ತಲಲ್ಲಿ ಅವನು ಸುತ್ತು ಬಂದ.
ನಾನು ನಡುಗಂಬ ಅಪ್ಪಿ ನಿಂತೆ. ಕಂಬಕ್ಕೆ ಚಳಿಜ್ವರ.

ಆಯ ತಪ್ಪಿ ಇರಬೇಕು, ಅಥವಾ ಸುಮ್ಮನೆ,
ನಿಜ ಹೇಳುತ್ತೇನೆ, ಸುಮ್ಮನೆ,
ತಲೆಯ ಮೇಲೆ ಮಳೆ ಅಷ್ಟು ಹತ್ತಿರ ಓಡಾಡುವಾಗ
ಒಂದು ಬೆರಳಿಟ್ಟು ನೋಡಿದೆ.

ತಣ್ಣಗಿತ್ತು, ಹಸುವಿನ ಮೂಗಿನ ಹಾಗೆ.
ಬೆರಳು ತೆಗೆದಲ್ಲಿ ಒಂದು ಹನಿ ಹುಟ್ಟಿ,
ಕೊಂಚ ಯೋಚಿಸಿ, ಫೀಲ್ಡ್ ಬುಕ್ಕಿನ ಮೇಲೆ ಬಿತ್ತು.
ಎರಡನೆಯದು ಯೋಚಿಸಲಿಲ್ಲ.

ಗುತ್ಯಪ್ಪ ಒಳಬಂದು ನೋಡಿದ. ಬೈಯಲಿಲ್ಲ.
ಹನಿಯ ಬುಡಕ್ಕೆ ತನ್ನ ತೋರುಬೆರಳಿಟ್ಟು
ಬಟ್ಟೆಯ ಮೇಲೆ ಮೆಲ್ಲಗೆ ಒಂದು ಗೆರೆ ಎಳೆದ,
ಇಳಿಜಾರು ಹಿಡಿದು, ಅಂಚಿನವರೆಗೆ.
ನೀರು ಆ ಗೆರೆಯಲ್ಲೇ ನಡೆದು ಹೊರಗೆ ಹೋಯಿತು,
ರಾತ್ರಿಯೆಲ್ಲ.

ಆರು ವರ್ಷ ಬಿಟ್ಟು ಸೊರಬದ ಕಡೆ ಹೋದಾಗ
ಆ ಬಟ್ಟೆ ಅವನ ಶುಂಠಿ ರಾಶಿಯ ಮೇಲಿತ್ತು.
ನಿವೃತ್ತಿಯ ವಾರ, ಹರಾಜಿನಲ್ಲಿ
ಮುನ್ನೂರ ನಲವತ್ತಕ್ಕೆ ಕೂಗಿದನಂತೆ.
ಮಗುಚಿ ತೋರಿಸಿದ. ಒಳಮೈ ತುಂಬ
ಬೂಷ್ಟು ಹಿಡಿದ ಕಪ್ಪು ಗೆರೆಗಳು, ಏಳೋ ಎಂಟೋ.
ನಾನೊಬ್ಬಳೇ ಅಂದುಕೊಂಡಿದ್ದೆ.

"ಇದು ಡ್ರಾಫ್ಟ್ಸ್‌ಮನ್ ಕೊರ್ನೇಲು. ಇದು ಆ ಕೋಣಂದೂರಿನ ಹುಡ್ಗ,
ಹೆಸ್ರು ಮರ್ತೆ. ಇದು ಸಾಹೇಬ್ರು, ಎರಡು ಸಲ.
ಇಕಾ, ಇದು ನೀವು."

ಒಂದು ಗೆರೆ ಮಾತ್ರ ನೆಟ್ಟಗಿರಲಿಲ್ಲ.
ಅತ್ತ ಹೋಗಿ, ನಿಂತು, ಇತ್ತ ಹೊರಳಿ,
ಮತ್ತೆ ಮೊದಲಿಂದ ಹೊರಟು
ಹೇಗೋ ಅಂಚು ಮುಟ್ಟಿತ್ತು.
ಯಾರದ್ದು ಅಂದೆ.
"ಅವತ್ತು ಹೇಳಿಕೊಡೋರು ಯಾರೂ ಇರ್ಲಿಲ್ಲ," ಅಂದು
ಬಟ್ಟೆಯನ್ನು ಮತ್ತೆ ಶುಂಠಿಗೆ ಹೊದೆಸಿ,
ಪಡುವಣದ ಮೋಡ ನೋಡಿ,
ಹಗ್ಗ ಸಡಿಲಿಸಲು ಆ ಬದಿಗೆ ಹೋದ.