ಬಿಸಿಲಿನ ಪಾಳಿ

ಅಕ್ಕಿಪೇಟೆ ಹಿಂದಿನ ನಮ್ಮ ಸಂದಿಗೆ
ಸೂರ್ಯ ಬರುವುದು ಹನ್ನೊಂದೂ ಮುಕ್ಕಾಲಿಗೆ.
ಹನ್ನೆರಡೂವರೆಗೆ ಹೊರಟುಬಿಡುತ್ತಾನೆ,
ಕೇಬಲ್ ದುಡ್ಡಿಗೆ ಬರುವ ಹುಡುಗನ ಹಾಗೆ,
ಕೂರು ಅಂದರೂ ಕೂರದೆ.

ಎರಡು ಬೈಕು ಎದುರಾದರೆ ಒಂದು ಹಿಂದೆ ಸರಿಯಬೇಕು,
ಅಷ್ಟು ಅಗಲ.
ಅಷ್ಟರಲ್ಲೇ ಹದಿನಾಲ್ಕು ಮನೆ, ಒಂದು ಬೀದಿನಲ್ಲಿ, ಒಂದು ಚರಂಡಿ,
ಹೋದ ವರ್ಷದಿಂದ
ಐವತ್ತೊಂದು ಗಿಡ.

ಶುರು ಮಾಡಿದವಳು ಮುನಿಚಿನ್ನಮ್ಮ.
ಕಾವೇರಿ ಪೈಪು ಮನೆಯೊಳಕ್ಕೆ ಬಂದ ಮೇಲೆ
ಕೆಲಸವಿಲ್ಲದೆ ಕೂತಿದ್ದ ಪ್ಲಾಸ್ಟಿಕ್ ಕೊಡಗಳ
ಕತ್ತು ಕೊಯ್ದು, ತಳ ತೂತು ಮಾಡಿ, ಮಣ್ಣು ತುಂಬಿದಳು.
"ಲೈನಲ್ಲಿ ನಿಂತು ಅಭ್ಯಾಸ ಇವಕ್ಕೆ,
ನಿಂತ್ಕೊಳ್ಳಲಿ ಬಿಡು."

ಈಗ ಅವೇ ಕೊಡ, ಅದೇ ಸಾಲು,
ನೀರಿಗಲ್ಲ, ಬಿಸಿಲಿಗೆ.
ನಸೀಮಾಳ ಪುದೀನಕ್ಕೆ ಎಂಟು ನಿಮಿಷ,
ಅಂತೋಣಿಯಮ್ಮನ ಕರಿಬೇವಿಗೆ ಎಂಟು,
ತುಳಸಿಗೂ ಎಂಟೇ, ದೇವರೆಂದು ರಿಯಾಯಿತಿಯಿಲ್ಲ.
ಜಗಳವೂ ನಲ್ಲಿಕಟ್ಟೆಯದೇ:
"ನಿನ್ನ ಟೊಮ್ಯಾಟೊ ನೆರಳು ನನ್ನ ಮೆಂತ್ಯದ ಮೇಲೈತೆ,
ಎಳಕೊಳೇ ಅತ್ಲಾಗೆ!"

ನಾನು ಸೀರೆಗೆ ಫಾಲ್ ಹಚ್ಚುವವಳು.
ಆ ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತು ಸೂಜಿಗೆ
ಒಮ್ಮೆಲೇ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟುಕೊಳ್ಳುತ್ತೇನೆ.
ಬದನೆಗಿಡ ನನ್ನ ಮೊಣಕಾಲಿಗೆ ಒರಗಿ ನಿಂತಿರುತ್ತದೆ.
ನಾವಿಬ್ಬರೂ ಮಾತಾಡುವುದಿಲ್ಲ.
ಇಬ್ಬರಿಗೂ ಟೈಮಿಲ್ಲ.

"ನಮ್ಮ ಮಾವನೋರ ಅಪ್ಪ ಸಂಪಂಗಿ ಕೆರೆ ಕೆಳಗೆ
ಸೊಪ್ಪು ಬೆಳೀತಿದ್ರಂತೆ. ಈಗ ಅಲ್ಲಿ ಸ್ಟೇಡಿಯಂ."
ಮುನಿಚಿನ್ನಮ್ಮ ಇದನ್ನು ದುಃಖದಿಂದ ಹೇಳುವುದಿಲ್ಲ,
ಮುಂದಿನ ಸ್ಟಾಪಿನ ಹೆಸರು ಹೇಳಿದ ಹಾಗೆ ಹೇಳಿ
ಒಂದು ಎರೆಹುಳು ಎತ್ತಿ
ಪಕ್ಕದ ಕೊಡಕ್ಕೆ ಬಿಡುತ್ತಾಳೆ.

ದಸರಾ ಹೊತ್ತಿಗೆ ಮೂಲೆಯ ಹೆಂಚಿನ ಮನೆ ಬಿತ್ತು.
ಯುಗಾದಿಗೆ ಅಲ್ಲಿ ಐದಂತಸ್ತು, ಗಾಜಿನ ಮುಖ.
ನಲವತ್ತೈದು ನಿಮಿಷ ಹನ್ನೊಂದಾಯಿತು.
ಪುದೀನ ಬಿಳಿಚಿಕೊಂಡಿತು.
ಮೆಂತ್ಯ ಬೆಳಕು ಹುಡುಕುತ್ತ ದಾರದಂತೆ ಎದ್ದು
ದಾರದಂತೆಯೇ ಬಿತ್ತು.
ಸೂಜಿಯ ಕಣ್ಣಿಗೂ ನನ್ನ ಕಣ್ಣಿಗೂ ಮಾತು ಬಿಟ್ಟಿತು.
ಅರ್ಜಿ ಕೊಡೋಣ ಅಂದರು.
ಬಿಸಿಲು ಕಳುವಾಗಿದೆ ಅಂತ
ಯಾವ ಕಾಲಮ್ಮಿನಲ್ಲಿ ಬರೆಯುವುದು?

ಒಂದು ಸಂಜೆ, ನಾಲ್ಕೂಕಾಲು.
ಕಕ್ಕಸಿನ ಹಿಂದಿನ ಗೋಡೆ,
ಕಟ್ಟಿದಾಗಿನಿಂದ ಬಿಸಿಲೇ ಕಾಣದ ಪಾಚಿಗೋಡೆ,
ಅದರ ಮೇಲೆ ಒಂದು ಚಾಪೆಯಷ್ಟು ಬೆಳಕು!
ನಸೀಮಾಳ ಮಗ ಅಡ್ಡ ನಿಂತು, ಕೈ ಬೀಸಿ, ಕಣ್ಣು ಕಿರಿದು ಮಾಡಿ
ಪತ್ತೆ ಹಚ್ಚಿದ: ಮೂರನೇ ಮಹಡಿಯ ಕಿಟಕಿ ಗಾಜು.
ಕದ್ದವನ ಜೇಬು ತೂತಾಗಿ
ಚಿಲ್ಲರೆ ಉದುರಿತ್ತು.

ಕೊಡಗಳು ಓಡಿದವು.

ಆದರೆ ಕಿಟಕಿ ತೆರೆದರೆ ಬಿಸಿಲು ಹಾರಿ
ಟ್ರಾನ್ಸ್‌ಫಾರ್ಮರ್ ಮೇಲೆ ಕೂರುತ್ತದೆ.
ಹಾಗಾಗಿ ಹತ್ತಿದೆವು ನಾಲ್ವರು, ಒಂದು ಕಟ್ಟು ಪುದೀನ ಹಿಡಿದು.
ಪಾರ್ಸಲ್ ಆಫೀಸಿನಲ್ಲಿ ರಾತ್ರಿ ಲೆಕ್ಕ ಬರೆದು
ಹಗಲು ಮಲಗುವ ಹುಡುಗ ಬಾಗಿಲು ತೆರೆದ.
"ನಾಲ್ಕರಿಂದ ಐದು, ಕಿಟಕಿ ಮುಚ್ಚಿಡಪ್ಪ."
"ಯಾಕೆ?"
ಮುನಿಚಿನ್ನಮ್ಮ ಅವನ ಮಣಿಕಟ್ಟು ಹಿಡಿದು
ಕಿಟಕಿಗೆ ಕರೆದೊಯ್ದು ಕೆಳಗೆ ತೋರಿಸಿದಳು.
ಮೇಲಿನಿಂದ ನಾನೂ ನೋಡಿದ್ದು ಅದೇ ಮೊದಲು:
ಕೆಂಪು, ನೀಲಿ, ಮಾಸಿದ ಹಳದಿ,
ಕತ್ತಿಲ್ಲದ ಕೊಡಗಳ ಮೇಲೆ ಎಲೆಯ ತಲೆಗಳು
ಗೋಡೆಗೆ ಒತ್ತಿಕೊಂಡು ನಿಂತಿವೆ,
ಯಾರೋ ಹೆಸರು ಕರೆಯುತ್ತಾರೆಂಬಂತೆ.

ಹುಡುಗ ಪುದೀನ ಮೂಸಿ ನೋಡಿದ. ಏನೂ ಹೇಳಲಿಲ್ಲ.

ಸೆಕೆ ಜಾಸ್ತಿ. ಅವನಿಗಿರುವುದು ಅದೊಂದೇ ಕಿಟಕಿ.
ಕೆಲವು ದಿನ ಮುಚ್ಚುತ್ತಾನೆ, ಆಗ ನಾನು
ಸೂಜಿದಿಂಬು ಹಿಡಿದು ಕಕ್ಕಸಿನ ಹಿಂದೆ, ಬದನೆಯ ಪಕ್ಕ.
ಕೆಲವು ದಿನ ಮರೆಯುತ್ತಾನೆ.
ಆಗ ಸಂದಿಯೆಲ್ಲ ಕತ್ತೆತ್ತಿ ಕೂಗುತ್ತದೆ,
"ಕಿಟಕೀ..."
ಹಿಂದೆ ನಡುರಾತ್ರಿ "ನೀರು ಬಂತೂ" ಎಂದು
ಕೂಗುತ್ತಿದ್ದ ಅದೇ ಗಂಟಲಲ್ಲಿ.

ಬಿಸಿಲು ಟ್ರಾನ್ಸ್‌ಫಾರ್ಮರ್ ಬಿಟ್ಟು ಇಳಿದು ಬರುತ್ತದೆ.
ತಕ್ಷಣ ಅಲ್ಲ.
ಅವನು ಎದ್ದು, ಅಂಗಿ ಹಾಕಿಕೊಂಡು ಬರಬೇಕಲ್ಲ.