ಲಗ್ನಪತ್ರಿಕೆಯ ಬೆನ್ನಿಗೆ

ಗುತ್ತಲು ರಸ್ತೆಯ ಅಚ್ಚುಕೂಟದಲ್ಲಿ
ನನಗೆ ಅರ್ಧ ದಿನದ ಕೆಲಸ.
ವರನ ಹೆಸರಿನ ಒತ್ತಕ್ಷರ ಉದುರಿದ್ದು,
ಮಿಥುನ ಲಗ್ನ ಮೀನವಾಗಿ ಈಜಿದ್ದು,
ತಪ್ಪಿದ ಪತ್ರಿಕೆಗಳೆಲ್ಲ ನನ್ನ ಪಾಲು.
ಮುಂದುಗಡೆ ಗಣಪತಿ, ಅರಿಶಿನ, ಸುಖಾಗಮನ;
ಹಿಂದುಗಡೆ ಬರಿ ಬಿಳುಪು.
ಆ ಬಿಳುಪಿನಲ್ಲಿ ನಾನು ಮಂಡ್ಯ ಬರೆಯುತ್ತೇನೆ.

ದೊಡ್ಡದೇನಲ್ಲ.
ಕಬ್ಬಿನ ಹಾಲಿನ ಗಾಣಕ್ಕೆ ಕಟ್ಟಿದ ಗೆಜ್ಜೆ.
ಕೋರ್ಟಿನ ಎದುರು ಮರದಡಿ
ಟೈಪ್‌ರೈಟರಿಗೆ ಟವೆಲು ಹೊದಿಸಿ
ತಾನು ಬರಿಮೈಯಲ್ಲಿ ಮಲಗಿದ ಜವರಯ್ಯ.
ಬಸ್‌ಸ್ಟ್ಯಾಂಡಿನಲ್ಲಿ ಮಳವಳ್ಳಿ ಮಳವಳ್ಳಿ ಮಳವಳ್ಳಿ ಎಂದು
ಒಂದೇ ಉಸಿರಿಗೆ ಕೂಗುವವನ ಬಾಯಿ.
ಬಾಯಿ ಬರೆಯಬಹುದು, ಕೂಗು ಬರೆಯಲಾಗದು.
ಹಾಗೇ ಆಲೆಮನೆಯ ವಾಸನೆ;
ಕಂದು ಬಳಪ ಉಜ್ಜಿ ಉಜ್ಜಿ
ಕಾಗದವೇ ಹರಿದುಹೋಯಿತು.

ಭಾನುವಾರ ನಸೀಬಾಳ ಸೈಕಲ್ಲು, ನನ್ನ ಬುತ್ತಿ.
ನಾಲೆಯ ಏರಿ ಮೇಲೆ
ನೀರಿನ ಜೊತೆಗೇ ಹೊರಟು
ನೀರು ನಮ್ಮನ್ನು ಬಿಟ್ಟು ಹೋಗುವವರೆಗೆ.
ಅವಳದು ಹೊಲಿಗೆ. ದರ್ಜಿ ಅಂಗಡಿಯ ಚೂರುಗಳಲ್ಲಿ
ತೂಬು, ಕೊಕ್ಕರೆ, ಭತ್ತದ ಗದ್ದೆ.
ಎಮ್ಮೆಗೆ ಮಾತ್ರ ಹಳೇ ಕೊಡೆಯ ಬಟ್ಟೆ:
"ಮಳೆ ಬಂದ್ರೂ ನನ್ನೆಮ್ಮೆ ನೆನೆಯಲ್ಲ ಕಣೇ."

ಹಾಸನದ ನೆಂಟರ ಮದುವೆಯಲ್ಲಿ
ಪಕ್ಕದೆಲೆಯವರು ಕೇಳಿದರು:
"ಮಂಡ್ಯಾನಾ? ಹೊಸ ಹೈವೇಲಿ ಗೊತ್ತೇ ಆಗಲ್ವಲ್ಲಮ್ಮ,
ಕಣ್ಮುಚ್ಚಿ ಬಿಡೋದ್ರೊಳಗೆ ದಾಟೋಗುತ್ತೆ."
ಒಬ್ಬಟ್ಟು ಮುರಿಯುತ್ತ ಹೇಳಿದೆ:
"ಹೌದು. ಕಣ್ಮುಚ್ಚಿದ್ರೆ."

ಅಚ್ಚುಕೂಟದ ಮುಂದಿನ ಚರಂಡಿ ಚಪ್ಪಡಿ
ಲಗ್ನವಿಲ್ಲದ ಆಷಾಢದಲ್ಲಿ ಬಾಯಿ ಬಿಟ್ಟದ್ದು
ಮುಚ್ಚಲೇ ಇಲ್ಲ.
ಸ್ಕೂಲಿನ ಹುಡುಗನೊಬ್ಬನ ಕಾಲು,
ಎಳನೀರು ಗಾಡಿಯ ಚಕ್ರ,
ಕರಡು ತಿದ್ದಲು ಬಂದ ಬೀಗರ ಹೊಸ ಚಪ್ಪಲಿ,
ಚಪ್ಪಲಿಯನ್ನಂತೂ ವಾಪಸು ಕೊಡಲಿಲ್ಲ.
ಅದನ್ನೂ ಬರೆದೆ, ಗೇಣು ಲೆಕ್ಕದ ಅಳತೆ ಸಮೇತ.
ನಗರಸಭೆಯ ದೂರಿನ ಪೆಟ್ಟಿಗೆಗೆ ಹಾಕಿ
ಮೆಟ್ಟಿಲು ಇಳಿದ ಮೇಲೆ ನೆನಪಾಯಿತು,
ಅದರ ಮುಂದುಗಡೆ
'ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ.'

ಯಾರೂ ಆಗಮಿಸಲಿಲ್ಲ.

ನಂಬರ್ ಪ್ಲೇಟ್ ಬರೆಯುವ ಸೋದರಮಾವನ
ಡಬ್ಬಿ ತಳದ ಹಳದಿ ಕೆರೆದು ತಂದು
ಗುಂಡಿಯ ಸುತ್ತ ಹಚ್ಚಿದೆವು ನಾವಿಬ್ಬರೂ,
ಬೆಳಗಿನ ಆರಕ್ಕೆ, ಕುಕ್ಕರಗಾಲಲ್ಲಿ.
"ಏನ್ರವ್ವ, ರಂಗೋಲಿನಾ?" ಅಂದರು
ಬೀದಿ ಗುಡಿಸುವ ದೊಡ್ಡತಾಯಮ್ಮ.
ಸ್ಕೂಟರಿನವನೊಬ್ಬ ಬ್ರೇಕು ಒತ್ತಿ ರೇಗಿದ:
"ರೋಡೇನು ನಿಮ್ಮಪ್ಪಂದಾ?"
"ಹೂಂ ಕಣಣ್ಣ," ಅಂದಳು ನಸೀಬಾ, "ನಮ್ಮವ್ವಂದೂವೆ."

ಕಾರ್ತಿಕ ಕಳೆದು ಒಂದು ದಿನ
ಒಂದು ಟೆಂಪೋ, ಇಬ್ಬರು ಆಳು, ನಾಲ್ಕು ಬಾಂಡಲಿ ಕಾಂಕ್ರೀಟು.
ಚಿತ್ರ ನೋಡಿ ಬಂದರೋ, ಹಳದಿ ನೋಡಿ ಬಂದರೋ,
ಸುಮ್ಮನೆ ಪಾಳಿ ಬಂತೋ, ಕೇಳಲಿಲ್ಲ.
ಮಧ್ಯಾಹ್ನಕ್ಕೆ ಗುಂಡಿ ಇರಲಿಲ್ಲ.
ನಮ್ಮ ಹಳದಿಯೂ.
ಖುಷಿಯಾಗಬೇಕಿತ್ತು, ಆಯಿತು;
ಜೊತೆಗೆ ಎಲ್ಲೋ ಒಂದಿಷ್ಟು ಕಿರಿಕಿರಿ,
ಹಾಲುಹಲ್ಲು ಬಿದ್ದ ಜಾಗಕ್ಕೆ
ನಾಲಿಗೆ ಹೋಗುತ್ತಲೇ ಇರುವ ಹಾಗೆ.

"ನೋಡ್ತಾ ನಿಂತ್ರೆ ಆಯ್ತದಾ?
ಒಣಗೋಕೆ ಮುಂಚೆ ಬರ್ಕೊಳ್ಳವ್ವ."
ಪೊರಕೆಯಿಂದ ಒಂದು ಕಡ್ಡಿ ಕಿತ್ತು ಕೊಟ್ಟರು ದೊಡ್ಡತಾಯಮ್ಮ.
ಹೆಸರು ಬರೆಯಲು ಹೋದ ಕೈ ನಾಚಿತು.
ಕಬ್ಬು ಬರೆದೆ, ಐದು ಗಿಣ್ಣು.
ನಸೀಬಾ ಎಮ್ಮೆ ಬರೆದಳು; ಸೂಜಿಯಿಲ್ಲದೆ
ಅವಳ ಎಮ್ಮೆ ನಾಯಿಯಾಯಿತು.
ಕಡ್ಡಿ ಬೇಡವೆಂದು ದೊಡ್ಡತಾಯಮ್ಮ
ಅಂಚಿಗೆ ಹೆಬ್ಬೆಟ್ಟು ಒತ್ತಿ
ಸೆರಗಿಗೆ ಒರೆಸಿಕೊಂಡರು.

ಈಗ ಅದರ ಮೇಲೆ ಊರು ಓಡಾಡುತ್ತದೆ.
ಎಳನೀರು ಗಾಡಿಯ ಎಡಚಕ್ರ ದಿನಾ
ನನ್ನ ಕಬ್ಬಿನ ಮೂರನೇ ಗಿಣ್ಣಿನ ಮೇಲೇ
ಬಂದು ನಿಲ್ಲುತ್ತದೆ.
ಒಳಗೆ ಯಾರದೋ ಮದುವೆ ಅಚ್ಚಾಗುತ್ತಿದೆ.
ಒಂದೇ ಒಂದು ಅಕ್ಷರ ತಪ್ಪಲಿ ಎಂದು
ಕಾಯುತ್ತ ಕೂತಿದ್ದೇನೆ.